ಹಳೆಯ ಚಹರೆಯ ಹೊಸ ಸ್ಕೂಟರ್: ಆ ಉಬ್ಬುಗಳಿಗೆ ಈಗೇನು ಕೆಲಸ?

ಪ್ರಶ್ನೆ: ನಮ್ಮ ಮನೆಯಲ್ಲಿ ತಂದೆಯವರು 1988ರಲ್ಲಿ ಕೊಂಡ ಬಜಾಜ್ ಚೇತಕ್ ಇನ್ನೂ ಇದೆ. ಅದರಂತೆಯೇ ದುಂಡು ದೀಪ, ಉಬ್ಬಿದ ಪಕ್ಕೆಗಳಿರುವ ಹೊಸ ಸ್ಕೂಟರ್ ಕೊಳ್ಳಬೇಕೆಂಬ ಆಸೆ ನನ್ನದು. ಗೆಳೆಯರು ‘ಅದೆಲ್ಲ ವೇಷ, ಒಳಗಿರುವುದು ಮಾಮೂಲಿ ಗೇರಿಲ್ಲದ ಗಾಡಿಯೇ, ದುಡ್ಡು ದಂಡ’ ಎನ್ನುತ್ತಾರೆ. ತಗಡಿನ ಮೈಗೆ ಅಷ್ಟೊಂದು ಬೆಲೆ ಕೊಡಬಹುದೇ? ವಾರಕ್ಕೆ ಎರಡು ಸಲ ತುಮಕೂರಿಗೆ ಓಡಾಟ, ಆಗಾಗ ಫುಟ್‌ಬೋರ್ಡಿನ ಮೇಲೆ ತೆಂಗಿನಕಾಯಿ ಚೀಲ, ವರ್ಷಕ್ಕೊಮ್ಮೆ ಮನೆಯವರ ಜೊತೆ ದೇವರಾಯನದುರ್ಗದ ಬೆಟ್ಟ. ಇಷ್ಟಕ್ಕೆ ಅದು ಆದೀತೇ?
— ಓದುಗರೊಬ್ಬರು, ತಿಪಟೂರು

ಉತ್ತರ: ನಿಮ್ಮ ಗೆಳೆಯರ ಮಾತಿನಲ್ಲಿ ಅರ್ಧ ನಿಜವಿದೆ, ಉಳಿದರ್ಧವನ್ನು ತಿಳಿಯಬೇಕಾದರೆ ಆ ಚಹರೆ ಎಲ್ಲಿಂದ ಬಂತೆಂದು ನೋಡಬೇಕಾಗುತ್ತದೆ. ಹಳೆಯ ಸ್ಕೂಟರಿನ ಆಕಾರವನ್ನು ಯಾರೋ ಚಿತ್ರಕಾರರು ಚೆಂದಕ್ಕಾಗಿ ಬರೆದುಕೊಟ್ಟಿರಲಿಲ್ಲ. ಅದರ ಒಂದೊಂದು ಉಬ್ಬು, ಒಂದೊಂದು ಬಾಗು ಒಂದು ನಿರ್ದಿಷ್ಟ ತೊಂದರೆಗೆ ಎಂಜಿನಿಯರ್ ಒಬ್ಬರು ಕಂಡುಕೊಂಡ ಪರಿಹಾರವಾಗಿತ್ತು. ಆದುದರಿಂದ ಹಳೆಯ ಚಹರೆಯ ಹೊಸ ಗಾಡಿಯ ಮುಂದೆ ನಿಂತಾಗ ಕೇಳಬೇಕಾದ ಪ್ರಶ್ನೆ, ಈ ಗೆರೆ ಅಂದು ಮಾಡುತ್ತಿದ್ದ ಕೆಲಸವನ್ನು ಇಂದೂ ಮಾಡುತ್ತಿದೆಯೇ ಎಂಬುದು. ಮಾಡುತ್ತಿದ್ದರೆ ಅದಕ್ಕೆ ಬೆಲೆ ಕೊಡಬಹುದು. ಇಲ್ಲವಾದರೆ ನೀವು ಕೊಡುವ ಹಣ ನೆನಪಿಗೆ ಮಾತ್ರ, ಅದೂ ತಪ್ಪೇನಲ್ಲ, ಆದರೆ ಗೊತ್ತಿದ್ದು ಕೊಡಬೇಕು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಟಲಿಯ ಪಿಯಾಜಿಯೋ ಕಂಪನಿ ವಿಮಾನಗಳನ್ನು ತಯಾರಿಸುತ್ತಿತ್ತು, ಯುದ್ಧ ಮುಗಿದಾಗ ಪೊಂಟೆಡೆರಾದಲ್ಲಿದ್ದ ಅದರ ಕಾರ್ಖಾನೆ ಬಾಂಬ್ ದಾಳಿಗೆ ಸಿಕ್ಕಿ ಹಾಳಾಗಿತ್ತು. ವಿಮಾನಕ್ಕೆ ಗಿರಾಕಿ ಇಲ್ಲದ ಆ ಹೊತ್ತಿನಲ್ಲಿ ಎನ್ರಿಕೋ ಪಿಯಾಜಿಯೋ ಅಗ್ಗದ ವಾಹನವೊಂದನ್ನು ಮಾಡಲು ಹೊರಟು, ಮೊದಲ ನಮೂನೆ ಮನಸ್ಸಿಗೆ ಒಪ್ಪದೆ, ಆ ಕೆಲಸವನ್ನು ಕೊರಾದಿನೋ ದಾಸ್ಕಾನಿಯೋ ಎಂಬ ವಿಮಾನ ಎಂಜಿನಿಯರ್‌ಗೆ ಒಪ್ಪಿಸಿದರು. ದಾಸ್ಕಾನಿಯೋ ಅವರ ನಿಜವಾದ ಒಲವಿದ್ದದ್ದು ಹೆಲಿಕಾಪ್ಟರಿನಲ್ಲಿ. 1930ರಲ್ಲಿಯೇ ಅವರು ರೂಪಿಸಿದ ಹೆಲಿಕಾಪ್ಟರ್ ಹಾರಿ ದಾಖಲೆ ಮಾಡಿತ್ತು. ನೀವು ತುಮಕೂರಿಗೆ ಬರುವ ದಾರಿಯ ಗುಬ್ಬಿ ತಾಲ್ಲೂಕಿನಲ್ಲಿ 2023ರ ಫೆಬ್ರವರಿಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತಲ್ಲ, ಅದರ ಸುದ್ದಿ ಓದಿದಾಗ ನನಗೆ ಮೊದಲು ನೆನಪಾದದ್ದು ಈ ಸ್ಕೂಟರಿನ ಜನಕ. ಅವರಿಗೆ ಮೋಟಾರ್ ಸೈಕಲ್ ಕಂಡರೆ ಆಗುತ್ತಿರಲಿಲ್ಲವಂತೆ: ಕಾಲೆತ್ತಿ ಹತ್ತಬೇಕು, ಚೈನಿನ ಎಣ್ಣೆ ಬಟ್ಟೆಗೆ ಮೆತ್ತುತ್ತದೆ, ಟಯರ್ ಪಂಕ್ಚರ್ ಆದರೆ ಬಿಚ್ಚುವುದು ಪ್ರಾಣಸಂಕಟ. ಮೋಟಾರ್ ಸೈಕಲನ್ನು ಒಪ್ಪದ ವ್ಯಕ್ತಿಯೇ ಸ್ಕೂಟರನ್ನು ರೂಪಿಸಿದ್ದು ನಮ್ಮ ಪುಣ್ಯ. 1946ರ ಏಪ್ರಿಲ್ 23ರಂದು ಫ್ಲಾರೆನ್ಸ್ ನಗರದಲ್ಲಿ ವೆಸ್ಪಾ ಎಂಬ ಆ ಸ್ಕೂಟರಿನ ಪೇಟೆಂಟ್ ಅರ್ಜಿ ಸಲ್ಲಿಕೆಯಾಯಿತು. ಅದರ ಎಂಜಿನ್ 98 ಸಿಸಿ, ಚಕ್ರ 8 ಇಂಚಿನವು.

ಆ ಮೂರು ದೂರುಗಳಿಂದಲೇ ಇಡೀ ಆಕಾರ ಹುಟ್ಟಿದೆಯೆಂದರೆ ಅತಿಶಯೋಕ್ತಿಯಲ್ಲ. ಪಂಚೆಯುಟ್ಟವರಿಗೂ ಸೀರೆಯುಟ್ಟವರಿಗೂ ಇಂದು ಅನುಕೂಲವಾಗಿರುವ ನಡುವಿನ ತೆರಪು, ಇಟಲಿಯ ಲಂಗ ತೊಟ್ಟ ಹೆಣ್ಣುಮಕ್ಕಳನ್ನೂ ಗಮನದಲ್ಲಿಟ್ಟು ಬಂದದ್ದು. ಕಾಲಿಗೆ ಕೆಸರು ಸಿಡಿಯದಿರಲೆಂದು ಮುಂದೆ ಅಗಲವಾದ ತಗಡಿನ ಏಪ್ರನ್ ಬಂತು. ಚೈನು ಬೇಡವೆಂದ ಮೇಲೆ ಎಂಜಿನನ್ನು ಹಿಂದಿನ ಚಕ್ರದ ಪಕ್ಕದಲ್ಲೇ ಕೂರಿಸಿ ಗೇರುಗಳ ಮೂಲಕ ನೇರವಾಗಿ ತಿರುಗಿಸಬೇಕಾಯಿತು. ಎಂಜಿನ್ ಬಲಕ್ಕೆ ಬಂದದ್ದರಿಂದ ಅದನ್ನು ಮುಚ್ಚಲು ಬಲಪಕ್ಕೆ ಉಬ್ಬಿತು, ತೂಕಕ್ಕೂ ನೋಟಕ್ಕೂ ಜೋಡಿಯಾಗಿ ಎಡಪಕ್ಕೆಯೂ ಉಬ್ಬಿ, ಅದರೊಳಗೆ ಆಯಾ ಮಾದರಿಯಂತೆ ಸಾಮಾನಿನ ಪೆಟ್ಟಿಗೆಯೋ ಸ್ಟೆಪ್ನಿಯೋ ಸೇರಿಕೊಂಡಿತು. ವೆಸ್ಪಾ ಎಂದರೆ ಇಟಾಲಿಯನ್ ಭಾಷೆಯಲ್ಲಿ ಕಣಜ; ಸಣ್ಣ ನಡು, ದಪ್ಪ ಹಿಂಭಾಗ ನೋಡಿದರೆ ಹೆಸರಿನ ಕಾರಣ ಹೇಳಬೇಕಾಗಿಲ್ಲ. ಮುಂದಿನ ಚಕ್ರವನ್ನು ವಿಮಾನದ ಗಾಲಿಯಂತೆ ಒಂದೇ ಬದಿಯ ತೋಳಿನಲ್ಲಿ ಹಿಡಿದದ್ದರಿಂದ, ಕಾರಿನ ಚಕ್ರದ ಹಾಗೆ ನಟ್ಟುಗಳನ್ನು ಬಿಚ್ಚಿ ಪಕ್ಕಕ್ಕೆ ಎಳೆದರೆ ಅದು ಕೈಗೆ ಬರುತ್ತಿತ್ತು. ಮುಂದಿನದಕ್ಕೂ ಹಿಂದಿನದಕ್ಕೂ ಒಂದೇ ಸ್ಟೆಪ್ನಿ ಸಾಕಾಗುತ್ತಿತ್ತು. ನಿಮ್ಮ ತಂದೆಯವರು ಕತ್ತಲಲ್ಲಿ ರಸ್ತೆ ಬದಿಯಲ್ಲಿ ಹತ್ತು ನಿಮಿಷದಲ್ಲಿ ಚಕ್ರ ಬದಲಿಸಿದ್ದನ್ನು ನೀವು ನೋಡಿರಲೂಬಹುದು.

ಎಲ್ಲಕ್ಕಿಂತ ದೊಡ್ಡ ಸಂಗತಿ ಮೈಯೊಳಗಿದೆ. ತಿಪಟೂರಿನವರಿಗೆ ಇದನ್ನು ವಿವರಿಸುವುದು ಸುಲಭ. ತೆಂಗಿನ ಚಿಪ್ಪಿನೊಳಗೆ ಕಂಬವಿಲ್ಲ, ತೊಲೆಯಿಲ್ಲ. ಆದರೂ ಅದು ಮರದ ಮೇಲಿಂದ ಬಿದ್ದರೆ ಸುಲಭವಾಗಿ ಒಡೆಯುವುದಿಲ್ಲ. ಹೊರಗಿನ ಕವಚವೇ ಹೊರೆಯನ್ನು ಹೊರುತ್ತದೆ. ವಿಮಾನದ ಮೈಯೂ ಹಾಗೆಯೇ, ವೆಸ್ಪಾದ ಮೈಯೂ ಹಾಗೆಯೇ: ಒಂದರಿಂದ ಒಂದೂವರೆ ಮಿಲಿಮೀಟರ್ ದಪ್ಪದ ಉಕ್ಕಿನ ತಗಡುಗಳನ್ನು ಅಚ್ಚಿನಲ್ಲಿ ಒತ್ತಿ, ಅಂಚಿಗೆ ಅಂಚು ಸೇರಿಸಿ ಸ್ಪಾಟ್ ವೆಲ್ಡ್ ಮಾಡಿದ ಚಿಪ್ಪು ಅದು. ಇದಕ್ಕೆ ಮೊನೊಕಾಕ್ ಎನ್ನುತ್ತಾರೆ. ಇಂಥ ಮೈಯಲ್ಲಿ ಬಾಗು ಎನ್ನುವುದು ಅಲಂಕಾರವಾಗಿ ಉಳಿಯುವುದಿಲ್ಲ. ಚಪ್ಪಟೆ ತಗಡನ್ನು ಎರಡು ಕೈಯಲ್ಲಿ ಹಿಡಿದು ಅಲುಗಿಸಿದರೆ ಅದು ಬಳುಕುತ್ತದೆ, ಗಡಗಡ ಸದ್ದು ಮಾಡುತ್ತದೆ. ಅದೇ ತಗಡನ್ನು ಬಾಣಲೆಯಂತೆ ಬಗ್ಗಿಸಿದರೆ ಜಗ್ಗುವುದಿಲ್ಲ. ಏಪ್ರನ್ನಿನ ಮಡಿಸಿದ ಅಂಚು, ಫುಟ್‌ಬೋರ್ಡಿನ ನಡುವೆ ಉದ್ದಕ್ಕೆ ಎದ್ದಿರುವ ದಿಂಡು, ಸೀಟಿನ ಕೆಳಗಿನ ದುಂಡು ಹೊಟ್ಟೆ, ಇವೆಲ್ಲ ತೆಳು ತಗಡಿಗೆ ಬಿಗಿತನ ಕೊಡುವ ಉಪಾಯಗಳು. ಆ ನಡುವಿನ ದಿಂಡನ್ನು ತೆಗೆದುಬಿಟ್ಟರೆ ಹ್ಯಾಂಡಲ್ ಇರುವ ಮುಂಭಾಗಕ್ಕೂ ಎಂಜಿನ್ ಇರುವ ಹಿಂಭಾಗಕ್ಕೂ ನಡುವಿನ ಸೇತುವೆಯೇ ಸಡಿಲವಾಗುತ್ತದೆ.

ಒಂದು ವರ್ಷದ ತರುವಾಯ, 1947ರಲ್ಲಿ, ಮಿಲಾನಿನ ಇನ್ನೊಸೆಂಟಿ ಕಂಪನಿ ಲ್ಯಾಂಬ್ರೆಟಾವನ್ನು ತಂದಿತು. ಅವರು ಮೂಲತಃ ಉಕ್ಕಿನ ಕೊಳವೆ ಮಾಡುವವರು. ಸಹಜವಾಗಿಯೇ ಅವರ ಸ್ಕೂಟರಿನ ಬೆನ್ನೆಲುಬು ಕೊಳವೆಯಾಯಿತು, ತಗಡು ಅದರ ಮೇಲಿನ ಹೊದಿಕೆಯಾಯಿತು. ನಮ್ಮ ರಸ್ತೆಗಳಲ್ಲಿ ಒಂದು ಕಾಲಕ್ಕೆ ಓಡಾಡುತ್ತಿದ್ದ ವಿಜಯ್ ಸೂಪರ್ ಇದೇ ವಂಶದ್ದು. 1972ರಲ್ಲಿ ಸ್ಥಾಪನೆಯಾದ ಸರ್ಕಾರಿ ಸ್ಕೂಟರ್ಸ್ ಇಂಡಿಯಾ ಆ ಇಟಾಲಿಯನ್ ಯಂತ್ರೋಪಕರಣಗಳನ್ನು ಲಕ್ನೋಗೆ ತಂದು ಅದನ್ನು ತಯಾರಿಸಿತು. ನಿಮ್ಮ ಚೇತಕ್ ಮಾತ್ರ ವೆಸ್ಪಾದ ಕಡೆಯದು. ಬಜಾಜ್ ಕಂಪನಿ ಪಿಯಾಜಿಯೋದ ಪರವಾನಗಿಯಲ್ಲಿ ವೆಸ್ಪಾ ತಯಾರಿಸುತ್ತಿತ್ತು. ಆ ಒಪ್ಪಂದ ಮುಗಿದ ಮೇಲೆ 1972ರಲ್ಲಿ ರಾಣಾ ಪ್ರತಾಪನ ಕುದುರೆಯ ಹೆಸರಿನಲ್ಲಿ ಚೇತಕ್ ಬಂತು. ಈ ಎರಡು ವಂಶಗಳ ಭೇದವನ್ನು ಇಷ್ಟು ಹೇಳಲು ಕಾರಣವಿದೆ. ಇಂದಿನ ನಮ್ಮ ಬಹುಪಾಲು ಗೇರಿಲ್ಲದ ಸ್ಕೂಟರುಗಳು ನಿಲುವಿನಲ್ಲಿ ವೆಸ್ಪಾವನ್ನು ಹೋಲುತ್ತವೆ, ಮೂಳೆಯಲ್ಲಿ ಲ್ಯಾಂಬ್ರೆಟಾವನ್ನು ಹೋಲುತ್ತವೆ: ಒಳಗೆ ಕೊಳವೆಯ ಚಾಸಿ, ಹೊರಗೆ ಸ್ಕ್ರೂ ಹಾಕಿ ಕೂರಿಸಿದ ಹೊದಿಕೆ. ಹೊದಿಕೆ ತಗಡಿನದೇ ಆಗಿದ್ದರೂ ಅದು ಹೊರೆ ಹೊರುವುದಿಲ್ಲ. ‘ಮೆಟಲ್ ಬಾಡಿ’ ಎಂಬ ಮಾತನ್ನು ಷೋರೂಮಿನಲ್ಲಿ ಕೇಳಿದಾಗ ನೆನಪಿಡಬೇಕಾದ ಭೇದ ಇದು. ತಗಡಿನ ಹೊದಿಕೆ ಬೇರೆ, ತಗಡಿನ ಚಿಪ್ಪು ಬೇರೆ. 2012ರಿಂದ ಬಾರಾಮತಿಯಲ್ಲಿ ತಯಾರಾಗುತ್ತಿರುವ ಪಿಯಾಜಿಯೋದ ವೆಸ್ಪಾಗಳು ಈಗಲೂ ನಿಜವಾದ ಚಿಪ್ಪಿನವು. ದುಂಡು ದೀಪ, ಕ್ರೋಮ್ ಪಟ್ಟಿ ಇಟ್ಟುಕೊಂಡ ಇತರ ಅನೇಕ ಗಾಡಿಗಳು ಚಾಸಿಯ ಮೇಲಿನ ಹೊದಿಕೆಯವು.

ಇನ್ನು ಒಳಗಿನ ಎಂಜಿನ್. ನಿಮ್ಮ ಚೇತಕ್‌ನದು 145 ಸಿಸಿಯ ಟೂ ಸ್ಟ್ರೋಕ್. ಟೂ ಸ್ಟ್ರೋಕಿನಲ್ಲಿ ಹೊಸ ಗಾಳಿ–ಪೆಟ್ರೋಲ್ ಒಳಗೆ ಬರುವ ಕಿಂಡಿಯೂ ಹೊಗೆ ಹೊರಹೋಗುವ ಕಿಂಡಿಯೂ ಕೆಲಹೊತ್ತು ಒಟ್ಟಿಗೇ ತೆರೆದಿರುತ್ತವೆ, ಆದುದರಿಂದ ಒಂದಿಷ್ಟು ಪೆಟ್ರೋಲು ಉರಿಯದೆಯೇ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಹೊಗೆಯ ನಿಯಮಗಳು ಬಿಗಿಯಾದಂತೆ ಅದರ ಕಾಲ ಮುಗಿಯಿತು. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಎಂಬ ಹೊಗೆಯ ನಿಯಮ ಬಂದ ಮೇಲೆ ಹೊಸ ಸ್ಕೂಟರುಗಳಲ್ಲಿ ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬ್ಯುರೇಟರೂ ಮರೆಯಾಗಿ ಇಂಧನವನ್ನು ಅಳೆದು ಚಿಮ್ಮಿಸುವ ಇಂಜೆಕ್ಷನ್ ಬಂದಿದೆ. ಗಾಡಿಯನ್ನು ಓರೆ ಮಾಡಿ, ಪೆಟ್ರೋಲು ಇಳಿಯಲೆಂದು ಕಾದು, ಆಮೇಲೆ ಕಿಕ್ ಹೊಡೆಯುವ ಆ ಬೆಳಗಿನ ಪೂಜೆ ಹೊಸ ಗಾಡಿಗೆ ಬೇಕಿಲ್ಲ.

ಗೇರು ಹೋದದ್ದು ಮಾತ್ರ ಬೇರೆ ಕಾರಣಕ್ಕೆ. 1984ರಲ್ಲಿ ಕೈನೆಟಿಕ್ ಹೋಂಡಾ, 2001ರಲ್ಲಿ ಹೋಂಡಾ ಆಕ್ಟಿವಾ ಬಂದ ಮೇಲೆ ನಮ್ಮ ಜನ ಎಡಗೈ ತಿರುವಿ ಗೇರು ಹಾಕುವುದನ್ನು ಬಿಟ್ಟರು. ಕೋಲಾರ ಜಿಲ್ಲೆಯ ನರಸಾಪುರದಲ್ಲಿ 2013ರಿಂದ ಹೋಂಡಾ ಕಾರ್ಖಾನೆ ನಡೆಯುತ್ತಿರುವುದು ಆ ಬದಲಾವಣೆಯ ಫಲವೇ. ಈ ಗಾಡಿಗಳ ಒಳಗಿನ ವ್ಯವಸ್ಥೆಯನ್ನು ಹಿಟ್ಟಿನ ಮಿಲ್ಲಿನಲ್ಲಿ ನೀವು ಕಂಡ ಪಟ್ಟಿ–ರಾಟೆಯಂತೆ ಊಹಿಸಿಕೊಳ್ಳಿ. ಎಂಜಿನ್ ಕಡೆಗೊಂದು ರಾಟೆ, ಚಕ್ರದ ಕಡೆಗೊಂದು ರಾಟೆ, ನಡುವೆ ರಬ್ಬರ್ ಬೆಲ್ಟು. ವ್ಯತ್ಯಾಸವೇನೆಂದರೆ ಇಲ್ಲಿ ರಾಟೆಗಳು ತಮ್ಮ ಅಳತೆಯನ್ನು ತಾವೇ ಬದಲಿಸಿಕೊಳ್ಳುತ್ತವೆ. ಮುಂದಿನ ರಾಟೆ ಎದುರುಬದುರಾಗಿ ಇಟ್ಟ ಎರಡು ತಟ್ಟೆಗಳಂತಿರುತ್ತದೆ. ಎಂಜಿನ್ ಜೋರಾದಂತೆ ಒಳಗಿನ ಸಣ್ಣ ರೋಲರುಗಳು ತಿರುಗುವ ರಭಸಕ್ಕೆ ಹೊರಕ್ಕೆ ಸರಿದು ತಟ್ಟೆಗಳನ್ನು ಹತ್ತಿರ ತಳ್ಳುತ್ತವೆ, ಬೆಲ್ಟು ಅಂಚಿನತ್ತ ಏರುತ್ತದೆ, ಮುಂದಿನ ರಾಟೆ ದೊಡ್ಡದಾದಂತಾಗುತ್ತದೆ. ಬೆಲ್ಟಿನ ಉದ್ದ ಬದಲಾಗದಿರುವುದರಿಂದ ಹಿಂದಿನ ರಾಟೆಯಲ್ಲಿ ಅದು ಸ್ಪ್ರಿಂಗನ್ನು ಒತ್ತಿ ಒಳಕ್ಕೆ ಇಳಿಯುತ್ತದೆ. ಒಂದನೇ ಗೇರಿನಿಂದ ನಾಲ್ಕನೆಯದರವರೆಗೆ ನಾವು ಮೆಟ್ಟಿಲಿನಂತೆ ಹತ್ತುತ್ತಿದ್ದುದನ್ನು ಇದು ಇಳಿಜಾರಿನಂತೆ ಹತ್ತಿಸುತ್ತದೆ.

ಈ ಏರ್ಪಾಡಿನಲ್ಲಿ ಎಂಜಿನ್, ರಾಟೆ, ಬೆಲ್ಟು, ಹಿಂದಿನ ಚಕ್ರ ಎಲ್ಲವೂ ಒಂದೇ ಉದ್ದನೆಯ ಘಟಕವಾಗಿ ಚಾಸಿಗೆ ಬುಷ್ ಮೇಲೆ ತೂಗಿಕೊಂಡು, ಚಕ್ರದ ಜೊತೆ ಮೇಲಕ್ಕೂ ಕೆಳಕ್ಕೂ ಆಡುತ್ತವೆ. ವಿನ್ಯಾಸಗಾರರಿಗೆ ತಲೆನೋವು ಶುರುವಾಗುವುದು ಇಲ್ಲಿಂದ. ಹಳೆಯ ಬಲಪಕ್ಕೆಯ ಉಬ್ಬಿನೊಳಗೆ ಎಂಜಿನ್ ಇತ್ತು. ಈಗ ಎಂಜಿನ್ ನಡುವಿಗೆ ಸರಿದು ಮಲಗಿದೆ, ಬೆಲ್ಟಿನ ಪೆಟ್ಟಿಗೆ ಎಡಕ್ಕೆ, ಸೈಲೆನ್ಸರ್ ಬಲಕ್ಕೆ ಬಂದಿವೆ, ಎಂಜಿನ್ನಿನ ಮೇಲೆ ಹೆಲ್ಮೆಟ್ ಹಿಡಿಯುವ ಡಿಕ್ಕಿ ಬೇಕೆಂದು ಗಿರಾಕಿ ಕೇಳುತ್ತಾನೆ. ಪಕ್ಕೆಗಳು ಉಬ್ಬಬೇಕಾದ ಅಗತ್ಯವೇ ಉಳಿದಿಲ್ಲ, ಆದರೆ ಉಬ್ಬದಿದ್ದರೆ ಹಳೆಯ ಚಹರೆ ಬರುವುದಿಲ್ಲ. ಹೀಗಾಗಿ ಕೆಲವು ಗಾಡಿಗಳಲ್ಲಿ ಆ ಉಬ್ಬಿನೊಳಗೆ ಇರುವುದು ಬರೀ ಗಾಳಿ. ಅಗಲ ಹೆಚ್ಚಾದ್ದರಿಂದ ಸವಾರನ ತೊಡೆಗಳು ಹೆಚ್ಚು ಅಗಲುತ್ತವೆ, ಕುಳ್ಳಗಿನವರ ಕಾಲು ನೆಲಕ್ಕೆ ಎಟಕುವುದು ಕಷ್ಟವಾಗುತ್ತದೆ. ಬುದ್ಧಿವಂತ ವಿನ್ಯಾಸದಲ್ಲಿ ಅದೇ ಜಾಗವನ್ನು ಡಿಕ್ಕಿ ಅಗಲಿಸಲು, ಏರ್ ಫಿಲ್ಟರ್ ಇಡಲು, ಎಂಜಿನ್ನಿನ ಫ್ಯಾನಿಗೆ ಗಾಳಿ ಬರುವ ದಾರಿ ಮಾಡಲು ಬಳಸಿರುತ್ತಾರೆ. ಸೀಟು ಎತ್ತಿ ಒಳಗೆ ಕೈಯಾಡಿಸಿದರೆ ಯಾವುದು ಯಾವ ಜಾತಿಯದೆಂದು ನಿಮಗೇ ಗೊತ್ತಾಗುತ್ತದೆ. ತೂಕದ ವಿಷಯದಲ್ಲಿ ಮಾತ್ರ ಹೊಸತೇ ಗೆದ್ದಿತು: ಹಳೆಯ ಗಾಡಿ ಬಲಕ್ಕೆ ವಾಲುತ್ತಿತ್ತು, ಸವಾರರು ಅರಿವಿಲ್ಲದೆಯೇ ತುಸು ಎಡಕ್ಕೆ ಸರಿದು ಕೂರುತ್ತಿದ್ದರು, ಈಗ ಅದರ ಅಗತ್ಯವಿಲ್ಲ.

ದೇವರಾಯನದುರ್ಗದ ಪ್ರಶ್ನೆಗೆ ಬರುತ್ತೇನೆ. ಹತ್ತುವಾಗ ಈ ಗಾಡಿಗಳು ಸೋಲುವುದಿಲ್ಲ. ಭಾರ ಬಿದ್ದ ಕೂಡಲೇ ಹಿಂದಿನ ರಾಟೆಯೊಳಗಿನ ಓರೆಯಾಗಿ ಕೊರೆದ ಸೀಳುಗಳು ಬೆಲ್ಟನ್ನು ಮತ್ತೆ ಮೇಲಕ್ಕೆ ಹಿಂಡಿ, ನೀವು ಕೆಳಗಿನ ಗೇರು ಹಾಕಿದ ಪರಿಣಾಮವನ್ನೇ ಕೊಡುತ್ತವೆ. 125 ಸಿಸಿ ಇದ್ದರೆ ಇಬ್ಬರನ್ನು ಹೊತ್ತು ಹತ್ತುವುದು ಕಷ್ಟವಲ್ಲ. ನನ್ನ ಎಚ್ಚರಿಕೆಯ ಮಾತು ಇಳಿಯುವ ಬಗ್ಗೆ. ನಿಮ್ಮ ತಂದೆಯವರು ಆ ತಿರುವುಗಳನ್ನು ಎರಡನೇ ಗೇರಿನಲ್ಲಿ ಇಳಿಯುತ್ತಿದ್ದರು, ಎಂಜಿನ್ನೇ ಗಾಡಿಯನ್ನು ಹಿಡಿದಿರುತ್ತಿತ್ತು. ಗೇರಿಲ್ಲದ ಗಾಡಿಯಲ್ಲಿ ಆ ಹಿಡಿತ ಕಡಿಮೆ, ಅದೂ ವೇಗ ಒಂದು ಮಟ್ಟಕ್ಕಿಂತ ಇಳಿದರೆ ಹಿಂದಿನ ಕ್ಲಚ್ಚಿನ ಶೂಗಳು ಚಕ್ರಕ್ಕೆ ಶಕ್ತಿ ಮುಟ್ಟಿಸುವ ತಮ್ಮ ಡ್ರಮ್ಮನ್ನು ಬಿಟ್ಟುಬಿಡುತ್ತವೆ. ಆಗ ಗಾಡಿ ನ್ಯೂಟ್ರಲ್‌ನಲ್ಲಿ ಉರುಳಿದಂತೆ ಉರುಳುತ್ತದೆ. ಎಲ್ಲ ಭಾರವೂ ಬ್ರೇಕಿನ ಮೇಲೆ ಬಿದ್ದು, ಡ್ರಮ್ ಬ್ರೇಕ್ ಬಿಸಿಯಾಗಿ, ಕೆಳಗಿನ ತಿರುವಿಗೆ ಬರುವಷ್ಟರಲ್ಲಿ ಹಿಡಿತ ಸಡಿಲಾಗಿರಬಹುದು. ಹಗುರವಾಗಿ ಒಮ್ಮೆ ಆಕ್ಸಿಲರೇಟರ್ ಕೊಟ್ಟು ಬಿಟ್ಟರೆ ಕ್ಲಚ್ ಮತ್ತೆ ಹಿಡಿದು ಎಂಜಿನ್ನಿನ ತಡೆ ಸಿಗುತ್ತದೆ. ಪೆಟ್ರೋಲ್ ಉಳಿಸಲೆಂದು ಎಂಜಿನ್ ಆಫ್ ಮಾಡಿ ಇಳಿಯುವ ಅಭ್ಯಾಸ ಕೆಲವರಿಗಿದೆ, ಅದನ್ನು ದಯವಿಟ್ಟು ಮಾಡಬೇಡಿ. ಮುಂದೆ ಡಿಸ್ಕ್ ಇರುವ ಮಾದರಿಯನ್ನೇ ಆರಿಸಿ. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಗಾಡಿಗಳಲ್ಲಿ ಎರಡೂ ಚಕ್ರದ ಬ್ರೇಕನ್ನು ಒಟ್ಟಿಗೆ ಹಿಡಿಸುವ ವ್ಯವಸ್ಥೆಯೋ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ಸೋ ಕಡ್ಡಾಯವಾಯಿತು. ಅದು ಸಹಾಯಕ, ಆದರೆ ಬಿಸಿಯಾದ ಡ್ರಮ್ಮಿಗೆ ಅದು ಮದ್ದಲ್ಲ.

ತುಮಕೂರಿಗೆ ಬರುವ ಬಿ.ಎಚ್. ರಸ್ತೆಯಲ್ಲಿ ವಾರಕ್ಕೆರಡು ಸಲ ಎಂದಿದ್ದೀರಿ. ಆದುದರಿಂದ ಚಕ್ರದ ಲೆಕ್ಕವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಚಿಕ್ಕ ಚಕ್ರ ಈ ಚಹರೆಯ ಪ್ರಾಣ; ದೊಡ್ಡ ಚಕ್ರ ಹಾಕಿದರೆ ಫುಟ್‌ಬೋರ್ಡ್ ಮೇಲೇರುತ್ತದೆ, ಡಿಕ್ಕಿ ಕುಗ್ಗುತ್ತದೆ, ಕಣಜದ ಸೊಂಟ ಹೋಗುತ್ತದೆ. ಆದರೆ ಗುಂಡಿಗೆ ಚಹರೆಯ ಹಂಗಿಲ್ಲ. 20 ಸೆಂಟಿಮೀಟರ್ ಅಗಲದ ಗುಂಡಿಯ ಮೇಲೆ ನಿಧಾನವಾಗಿ ಹೋದರೆ, ಟಯರ್ ಸೇರಿ 38 ಸೆಂಟಿಮೀಟರ್ ಎತ್ತರವಿರುವ ಮೊದಲ ವೆಸ್ಪಾದ 8 ಇಂಚಿನ ಚಕ್ರ ಸುಮಾರು 28 ಮಿಲಿಮೀಟರ್ ಕೆಳಗಿಳಿಯುತ್ತದೆ. 10 ಇಂಚಿನದು 24, 12 ಇಂಚಿನದು 22ಕ್ಕೂ ತುಸು ಹೆಚ್ಚು, ಮೋಟಾರ್ ಸೈಕಲಿನ 17 ಇಂಚಿನದು 17 ಮಿಲಿಮೀಟರ್ ಇಳಿಯುತ್ತದೆ. ಇದು ಯಾವ ಪ್ರಯೋಗಶಾಲೆಯ ಗುಟ್ಟೂ ಅಲ್ಲ, ಪೈಥಾಗೊರಸನ ಪ್ರಮೇಯ ಗೊತ್ತಿರುವ ಹೈಸ್ಕೂಲು ಹುಡುಗ ಲೆಕ್ಕ ಹಾಕಿಬಿಡಬಹುದು. ಅಂದರೆ 10ರಿಂದ 12ಕ್ಕೆ ಹೋದಾಗ ಸಿಗುವ ಲಾಭ ಇದೆ, ಆದರೆ ಜಾಹೀರಾತು ಹೇಳುವಷ್ಟು ಇಲ್ಲ; ಸ್ಕೂಟರಿನಿಂದ ಮೋಟಾರ್ ಸೈಕಲಿಗೆ ಹೋದಾಗಿನ ಅಂತರ ಮಾತ್ರ ಸೊಂಟಕ್ಕೇ ತಿಳಿಯುತ್ತದೆ.

ಇಲ್ಲೊಂದು ಮೋಸಹೋಗುವ ಜಾಗವಿದೆ. ಇಂಚಿನ ಲೆಕ್ಕ ಬರೀ ರಿಮ್ಮಿನದು. ಟಯರಿನ ಮೇಲೆ 90/100-10 ಎಂದಿದ್ದರೆ 90 ಅದರ ಅಗಲ ಮಿಲಿಮೀಟರಿನಲ್ಲಿ, 100 ಎಂದರೆ ಗೋಡೆಯ ಎತ್ತರ ಆ ಅಗಲದ ಶೇಕಡ ನೂರು, 10 ರಿಮ್ಮಿನ ಇಂಚು. ಒಟ್ಟು ಎತ್ತರ 434 ಮಿಲಿಮೀಟರ್ ಆಗುತ್ತದೆ. 110/70-11 ಎಂಬ ಟಯರಿನದು 433. ಇಂಚು ಒಂದು ಹೆಚ್ಚಾದರೂ ಚಕ್ರ ದೊಡ್ಡದಾಗಲಿಲ್ಲ, ಏಕೆಂದರೆ ಟಯರಿನ ಗೋಡೆ ಗಿಡ್ಡವಾಯಿತು. ಅಗಲವಾದ ಗಿಡ್ಡ ಟಯರು ನೋಡಲು ಗಟ್ಟಿಮುಟ್ಟು, ತಿರುವಿನಲ್ಲಿ ಹಿಡಿತವೂ ಚೆನ್ನ, ಆದರೆ ಗುಂಡಿಯ ಏಟು ನುಂಗುವ ರಬ್ಬರು ಕಡಿಮೆ. 90/90-12 ಆದರೆ 467 ಮಿಲಿಮೀಟರ್ ಬರುತ್ತದೆ. ಷೋರೂಮಿನಲ್ಲಿ ಬಗ್ಗಿ ಆ ಅಂಕಿಗಳನ್ನು ಓದಿಕೊಳ್ಳಿ, ಮಾರುವವರ ಮಾತಿಗಿಂತ ಅವು ನಂಬಿಕಸ್ಥ.

ಮುಂದಿನ ಒಂದೇ ತೋಳಿನ ಸಸ್ಪೆನ್ಷನ್ ಬಗ್ಗೆ ನನಗೆ ಸ್ವಲ್ಪ ಮೋಹವಿದೆಯೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಚಕ್ರ ಕೀಲಿನ ಹಿಂದೆ ಇದ್ದುದರಿಂದ ಹಳೆಯ ಗಾಡಿಯಲ್ಲಿ ಬ್ರೇಕ್ ಹಿಡಿದರೆ ಬ್ರೇಕಿನ ಬಲವೇ ತೋಳನ್ನು ಮೇಲಕ್ಕೆ ತಿರುಚಿ ಮೂತಿಯನ್ನು ಕೆಳಗೆ ಕುಕ್ಕುತ್ತಿತ್ತು. ಹೊಸ ವಿನ್ಯಾಸಗಳಲ್ಲಿ ಅದನ್ನು ಬಹುಮಟ್ಟಿಗೆ ತಗ್ಗಿಸಿದ್ದಾರೆ. ಆದರೂ ನೇರವಾಗಿ ಹೇಳುವುದಾದರೆ, ಎರಡು ಕೊಳವೆಗಳ ಟೆಲಿಸ್ಕೋಪಿಕ್ ಫೋರ್ಕು ಕಡಿಮೆ ಖರ್ಚಿನಲ್ಲಿ ಒಳ್ಳೆಯ ಓಟ ಕೊಡುತ್ತದೆ, ಯಾವ ಊರಿನ ಮೆಕ್ಯಾನಿಕ್ಕಿಗೂ ಅದರ ಸೀಲು ಬದಲಿಸಲು ಬರುತ್ತದೆ. ಆಕ್ಟಿವಾ ಕೂಡ 2020ರ 6ಜಿಯಲ್ಲಿ 12 ಇಂಚಿನ ಮುಂದಿನ ಚಕ್ರದೊಡನೆ ಅದಕ್ಕೇ ಬಂತು. ಒಂದೇ ತೋಳಿನ ದೊಡ್ಡ ಲಾಭ ಚಕ್ರ ಬಿಚ್ಚುವ ಸುಲಭತೆಯಾಗಿತ್ತು. ಸ್ಟೆಪ್ನಿಯೇ ಇಲ್ಲದ, ಟ್ಯೂಬ್‌ಲೆಸ್ ಟಯರಿನ ಈ ಕಾಲದಲ್ಲಿ ಆ ಲಾಭಕ್ಕೆ ಕೆಲಸ ಉಳಿದಿಲ್ಲ. ಇದು ನಾನು ಮೊದಲು ಹೇಳಿದ ಲೆಕ್ಕದಲ್ಲಿ ನೆನಪಿಗೆ ಕೊಡುವ ಹಣ.

ತಗಡಿನ ಚಿಪ್ಪಿಗೆ ಮಾತ್ರ ಹಾಗೆನ್ನಲಾರೆ. ಅದರ ಬೆಲೆ ಹೆಚ್ಚಾಗಲು ನ್ಯಾಯವಾದ ಕಾರಣವಿದೆ: ಪ್ಲಾಸ್ಟಿಕ್ ಹೊದಿಕೆಯ ಅಚ್ಚು ಒಂದು ಸಲ ಮಾಡಿದರೆ ಎಂಥ ಆಳವಾದ ಬಾಗನ್ನಾದರೂ ಒಂದೇ ಏಟಿಗೆ ಎರಕ ಹೊಯ್ಯಬಹುದು, ಉಕ್ಕಿನ ತಗಡನ್ನು ಅಷ್ಟು ಆಳಕ್ಕೆ ಹರಿಯದಂತೆ, ಸುಕ್ಕಾಗದಂತೆ ಎಳೆಯಬೇಕಾದರೆ ಭಾರಿ ಪ್ರೆಸ್ಸು, ಹಂತಹಂತದ ಡೈಗಳು, ಆಮೇಲೆ ನೂರಾರು ವೆಲ್ಡುಗಳು ಬೇಕು. ಪ್ರತಿಫಲವಾಗಿ ಬಿಗಿಯಾದ ಮೈ ಸಿಗುತ್ತದೆ. ಪ್ಲಾಸ್ಟಿಕ್ ಹೊದಿಕೆಯ ಗಾಡಿ ಐದಾರು ವರ್ಷಕ್ಕೆ ಕಿರಿಕಿರಿ ಸದ್ದು ಮಾಡುವುದು ಎಂಜಿನ್ ಹಳತಾಗಿ ಅಲ್ಲ, ಕ್ಲಿಪ್ಪುಗಳೂ ಸ್ಕ್ರೂ ತೂತುಗಳೂ ಸಡಿಲಾಗಿ. ಚಿಪ್ಪಿನ ಗಾಡಿಯಲ್ಲಿ ಸಡಿಲಾಗುವ ಕ್ಲಿಪ್ಪುಗಳೇ ಕಡಿಮೆ. ತೂಕ ಸ್ವಲ್ಪ ಹೆಚ್ಚು. 125 ಸಿಸಿಯ ವೆಸ್ಪಾ 115 ಕಿಲೋ ಆಸುಪಾಸು ತೂಗಿದರೆ ಆಕ್ಟಿವಾ 6ಜಿ ಸುಮಾರು 107. ಅಪಘಾತದಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಸಣ್ಣ ಡೆಂಟಾದರೆ ತಗಡನ್ನು ಟಿಂಕರ್ ಕೆಲಸದವರು ಬಡಿದು, ಪುಟ್ಟಿ ಹಾಕಿ, ಬಣ್ಣ ಹೊಡೆದು ಮುಗಿಸುತ್ತಾರೆ. ಪ್ಲಾಸ್ಟಿಕ್ ಸೀಳಿದರೆ ಹೊಸದೇ ಗತಿ. ಆದರೆ ಏಪ್ರನ್ ಒಳಕ್ಕೆ ಮಡಚುವಂಥ ದೊಡ್ಡ ಏಟು ಬಿದ್ದರೆ ಚಿಪ್ಪಿನ ಗಾಡಿಯಲ್ಲಿ ಬಾಗಿದ್ದು ಚಾಸಿಯೇ ಎಂದು ತಿಳಿಯಬೇಕು. ಅದನ್ನು ಕಣ್ಣಳತೆಯಲ್ಲಿ ನೇರ ಮಾಡಿಕೊಡುತ್ತೇನೆ ಎನ್ನುವ ಗ್ಯಾರೇಜಿನಿಂದ ದೂರವಿರಿ. ಗಾಡಿಯನ್ನು ಹತ್ತು ಹದಿನೈದು ವರ್ಷ ಇಟ್ಟುಕೊಳ್ಳುವವರಾದರೆ ಚಿಪ್ಪಿಗೆ ಹೆಚ್ಚು ಹಣ ಕೊಡಿ. ನಾಲ್ಕೈದು ವರ್ಷಕ್ಕೆ ಬದಲಿಸುವವರಾದರೆ ಬೇಡ.

ದುಂಡು ದೀಪ, ಕ್ರೋಮುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಂದಿನ ಕ್ರೋಮಿನ ಬಹುಪಾಲು ಪ್ಲಾಸ್ಟಿಕ್ ಮೇಲಿನ ಲೇಪ. ದೀಪ ಮಾತ್ರ ನಿಜವಾಗಿ ಸುಧಾರಿಸಿದೆ: ನಿಮ್ಮ ಚೇತಕ್‌ನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಬೆಳಕು ಸೊರಗುತ್ತಿತ್ತು, ಈಗಿನ ಎಲ್‌ಇಡಿಗೆ ಆ ರೋಗವಿಲ್ಲ.

ವಿದ್ಯುತ್ ಗಾಡಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಚೇತಕ್ ಹೆಸರೇ ಬಂದಿರುವುದರಿಂದ ಒಂದು ಮಾತು. 2020ರ ಜನವರಿಯಲ್ಲಿ ಅದೇ ಹೆಸರಿನ, ತಗಡಿನ ಮೈಯ ವಿದ್ಯುತ್ ಸ್ಕೂಟರ್ ಪುಣೆ ಮತ್ತು ಬೆಂಗಳೂರಿನಲ್ಲಿ ಮಾರಾಟಕ್ಕೆ ಬಂತು. ವಿದ್ಯುತ್ ಮೋಟಾರಿಗೆ ಉಬ್ಬಿದ ಪಕ್ಕೆಯೂ ಬೇಡ, ತಂಪಿನ ಗಾಳಿದಾರಿಯೂ ಬೇಡ; ಬ್ಯಾಟರಿಗೆ ಮಾತ್ರ ದೊಡ್ಡ ಜಾಗ ಬೇಕು. 2024ರ ಡಿಸೆಂಬರಿನಲ್ಲಿ ಬಂದ ಅದರ ಮಾದರಿಗಳಲ್ಲಿ 3.5 ಕಿಲೋವಾಟ್ ಗಂಟೆಯ ಬ್ಯಾಟರಿಯನ್ನು ಫುಟ್‌ಬೋರ್ಡಿನ ಅಡಿಗೆ ಇಳಿಸಿದ್ದರಿಂದ ಡಿಕ್ಕಿ 35 ಲೀಟರಿಗೆ ಬೆಳೆಯಿತು, ಭಾರವೂ ನೆಲಕ್ಕೆ ಹತ್ತಿರವಾಯಿತು. ಹಳೆಯ ಚಹರೆಯೊಳಗೆ ಹೊಸ ಅಂಗವನ್ನು ಎಲ್ಲಿ ಇಡಬೇಕೆಂಬುದಕ್ಕೆ ಇದು ಒಳ್ಳೆಯ ಉದಾಹರಣೆ. ಆದರೆ ನೀವು ಗುಬ್ಬಿ, ನಿಟ್ಟೂರು ದಾಟಿ ಹೆದ್ದಾರಿಯ ವೇಗದಲ್ಲಿ ಒಂದೇ ದಿನ ಹೋಗಿಬರುವವರು. ಕಂಪನಿ ಹೇಳುವ ದೂರ ಪರೀಕ್ಷೆಯ ರೋಲರಿನ ಮೇಲೆ ಅಳೆದದ್ದು, ಎದುರುಗಾಳಿಯಲ್ಲಿ ಅರವತ್ತರ ವೇಗದಲ್ಲಿ ಅಷ್ಟು ಬರುವುದಿಲ್ಲ. ತುಮಕೂರಿನಲ್ಲಿ ಎರಡು ಮೂರು ಗಂಟೆ ಚಾರ್ಜಿಗೆ ಹಾಕುವ ಜಾಗ ಖಚಿತವಾಗಿದ್ದರೆ ಮಾತ್ರ ಯೋಚಿಸಿ.

ಕಡೆಯದಾಗಿ ತೆಂಗಿನಕಾಯಿ ಚೀಲ. ಚಿಪ್ಪಿನ ಗಾಡಿಯ ಫುಟ್‌ಬೋರ್ಡಿನ ನಡುವೆ ದಿಂಡು ಇರುತ್ತದೆಂದು ಹೇಳಿದೆನಲ್ಲ, ಅದರ ಮೇಲೆ ಚೀಲ ಸಮನಾಗಿ ಕೂರುವುದಿಲ್ಲ, ತಿರುವಿನಲ್ಲಿ ಒಂದು ಕಡೆಗೆ ಜಾರುತ್ತದೆ. ಚಪ್ಪಟೆ ಫುಟ್‌ಬೋರ್ಡಿನ, ಕೊಳವೆ ಚಾಸಿಯ ಗಾಡಿ ಈ ಕೆಲಸಕ್ಕೆ ಮೇಲು. ನಿಮ್ಮ ಮೂರು ಅಗತ್ಯಗಳಲ್ಲಿ ಚೀಲವೇ ಮುಖ್ಯವಾದರೆ ದುಂಡು ದೀಪದ, ಚಪ್ಪಟೆ ನೆಲದ, ಮುಂದೆ 12 ಇಂಚು ಮತ್ತು ಡಿಸ್ಕ್ ಇರುವ 125 ಸಿಸಿ ಗಾಡಿ ಕೊಳ್ಳಿರೆಂದು ಹೇಳುತ್ತೇನೆ, ಗೆಳೆಯರು ವೇಷವೆಂದರೂ ಚಿಂತೆಯಿಲ್ಲ. ಕೊಳ್ಳುವಾಗ ಕಿಸೆಯಲ್ಲಿ ಸಣ್ಣ ಅಯಸ್ಕಾಂತ ಇಟ್ಟುಕೊಂಡು ಹೋಗಿ ಏಪ್ರನ್, ಪಕ್ಕೆ, ಮಡ್‌ಗಾರ್ಡುಗಳಿಗೆ ಮುಟ್ಟಿಸಿ ನೋಡಿ, ಅಂಟಿದರೆ ಉಕ್ಕಿನ ತಗಡು. ಆಮೇಲೆ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಅಡಿಯನ್ನು ನೋಡಿ. ಕೊಳವೆಗಳು ಕಂಡರೆ ಅದು ಹೊದಿಕೆ, ತಗಡು ಒಂದೇ ಮೈಯಾಗಿ ಮುಂದಿನಿಂದ ಹಿಂದಕ್ಕೆ ಹರಿದಿದ್ದರೆ ಅದು ಚಿಪ್ಪು. ಬೆಲ್ಟನ್ನು ಎಷ್ಟು ಕಿಲೋಮೀಟರಿಗೆ ಬದಲಿಸಬೇಕೆಂದು ಕೈಪಿಡಿಯಲ್ಲಿ ಬರೆದಿರುತ್ತದೆ. ನಮ್ಮ ಕಡೆಯ ಕೆಂಪು ಧೂಳಿಗೆ ಅದಕ್ಕಿಂತ ಮೊದಲೇ ಒಮ್ಮೆ ಕವರ್ ತೆಗೆಸಿ ನೋಡಿಸುವುದು ಒಳ್ಳೆಯದು. ಬೆಲ್ಟು ಸವೆದಾಗ ಮುನ್ಸೂಚನೆ ಕೊಡುವುದು ಕಡಿಮೆ. ನನ್ನ ಗಾಡಿಯ ಬೆಲ್ಟು ಒಂದು ಸಂಜೆ ನಿಮ್ಮ ದಾರಿಯ ಕೆ.ಬಿ. ಕ್ರಾಸಿನ ಆಚೆ ಹರಿದು, ಎಂಜಿನ್ ಚೆನ್ನಾಗಿ ಓಡುತ್ತಿದ್ದರೂ ಗಾಡಿ ಮಾತ್ರ ನಿಂತಲ್ಲೇ ನಿಂತಿತ್ತು.

ಹೊಸದು ಬಂದಮೇಲೂ ತಂದೆಯವರ ಚೇತಕನ್ನು ಗುಜರಿಗೆ ಹಾಕಬೇಡಿ. ನೋಂದಣಿಯ ಮೊದಲ 15 ವರ್ಷ ಕಳೆದ ಮೇಲೆ ಐದೈದು ವರ್ಷಕ್ಕೆ ಅದನ್ನು ಆರ್‌ಟಿಒದಲ್ಲಿ ನವೀಕರಿಸಿಕೊಳ್ಳಬಹುದು. ಮೊದಲು ಫುಟ್‌ಬೋರ್ಡಿನ ರಬ್ಬರ್ ಮ್ಯಾಟ್ ಎತ್ತಿ ನೋಡಿ. ಹಳೆಯ ಕಾಲದ ಸಿಂಪಡಣೆಯ ಬಣ್ಣ ತಗಡಿನ ಸಂದುಗಳಿಗೆ ತಲುಪುತ್ತಿರಲಿಲ್ಲ. ಮ್ಯಾಟಿನ ಕೆಳಗೆ ನಿಂತ ನೀರು ಅಲ್ಲಿಂದಲೇ ತಿನ್ನತೊಡಗುತ್ತದೆ. ಸ್ಕ್ರೂ ಡ್ರೈವರಿನ ಹಿಡಿಯಿಂದ ನಡುವಿನ ದಿಂಡಿನ ಉದ್ದಕ್ಕೂ ತಟ್ಟುತ್ತಾ ಬನ್ನಿ. ಎಲ್ಲ ಕಡೆಯೂ ಟಣ್ ಎಂದರೆ ಎಂಜಿನ್ನಿಗೆ ಧೈರ್ಯವಾಗಿ ಖರ್ಚು ಮಾಡಿ. ಎಲ್ಲಾದರೂ ಡಬ್ ಎಂದರೆ ಎಂಜಿನ್ ಮುಟ್ಟುವ ಮುಂಚೆ ಅಲ್ಲಿ ಹೊಸ ತಗಡು ಹಾಕಿಸಿ ವೆಲ್ಡ್ ಮಾಡಿಸಿ, ಏಕೆಂದರೆ ಆ ಗಾಡಿಯ ಚಾಸಿ ಇರುವುದು ಅಲ್ಲಿಯೇ.